ಥರ್ಮೋಸ್ಟಾಟ್ ಹೋಮ್ ಅಸಿಸ್ಟೆಂಟ್ ಮಾತು ಕೇಳದಿದ್ದರೆ: ಗೋಡೆಯಿಂದ ಶುರುಮಾಡಿ

ಮಿನ್ನೆಸೋಟಾದ ಜನವರಿ. ಹೊರಗೆ ಮೈನಸ್ 11 ಡಿಗ್ರಿ ಫ್ಯಾರನ್‌ಹೀಟ್. ರಾತ್ರಿ ಒಂಬತ್ತಕ್ಕೆ ಮಹಡಿ ಮೇಲೆ ಕೂತು ಫೋನು ನೋಡಿದರೆ, ಮನೆಯ ಸ್ಮಾರ್ಟ್ ಉಪಕರಣಗಳನ್ನೆಲ್ಲ ಒಂದೆಡೆಯಿಂದ ನಡೆಸುವ ಹೋಮ್ ಅಸಿಸ್ಟೆಂಟ್ ತಂತ್ರಾಂಶದಲ್ಲಿ, ಮನೆಯ ಬಿಸಿ-ತಂಪು ನಿಯಂತ್ರಿಸುವ ಥರ್ಮೋಸ್ಟಾಟಿನ ಕಾರ್ಡು ಬೂದು ಬಣ್ಣಕ್ಕೆ ತಿರುಗಿ ‘ಅನ್‌ಅವೈಲಬಲ್’ ಅನ್ನುತ್ತಿತ್ತು. ಸಾಫ್ಟ್‌ವೇರ್ ಕೆಲಸದವನು ನಾನು, ಕೈ ಮೊದಲು ಹೋದದ್ದು ಲ್ಯಾಪ್‌ಟಾಪಿಗೇ. ಇವೆರಡನ್ನೂ ಜೋಡಿಸುವ ಇಂಟಿಗ್ರೇಷನ್ ಅಳಿಸಿ ಮತ್ತೆ ಹಾಕಿದೆ, ರೂಟರನ್ನು ಎರಡು ಸಲ ಆರಿಸಿ ಹೊತ್ತಿಸಿದೆ, ಲಾಗ್ ಪುಟಗಟ್ಟಲೆ ಓದಿದೆ. ಹನ್ನೊಂದರ ಹೊತ್ತಿಗೆ ಕೆಳಗಿನಿಂದ ಹೆಂಡತಿ ಕೂಗಿದಳು: ‘ರೀ, ಫರ್ನೆಸ್ ಸದ್ದೇ ಇಲ್ವಲ್ಲ?’

ಎಂಟೂವರೆಗೆ ಏರ್ ಫಿಲ್ಟರ್ ಬದಲಿಸಿದ್ದವನು ನಾನೇ. ಫರ್ನೆಸ್ ಅಂದರೆ ಇಡೀ ಮನೆಗೆ ಬಿಸಿಗಾಳಿ ಕಳಿಸುವ ಯಂತ್ರ. ನಮ್ಮದರಲ್ಲಿ ಫಿಲ್ಟರ್ ಇರುವುದು ಬ್ಲೋವರ್ (ಗಾಳಿ ಊದುವ ಫ್ಯಾನು) ಬಾಗಿಲ ಒಳಗೆ. ಆ ಬಾಗಿಲ ಹಿಂದೆ ಬೆರಳ ತುದಿಯಷ್ಟು ದಪ್ಪದ ಒಂದು ಸ್ವಿಚ್ ಇದೆ. ಬಾಗಿಲು ಪೂರ್ತಿ ಕೂತರೆ ಮಾತ್ರ ಅದು ಒತ್ತಿಕೊಳ್ಳುತ್ತದೆ, ಇಲ್ಲವಾದರೆ ಇಡೀ ಫರ್ನೆಸ್‌ಗೆ ಕರೆಂಟು ಇಲ್ಲ. ಫರ್ನೆಸ್‌ಗೆ ಇಲ್ಲದಿದ್ದರೆ ಥರ್ಮೋಸ್ಟಾಟಿಗೂ ಇಲ್ಲ. ಅಂಗೈಯಿಂದ ಬಾಗಿಲ ಕೆಳಮೂಲೆ ಒತ್ತಿದೆ, ‘ಟಕ್’ ಅಂತು, ಎರಡು ನಿಮಿಷದಲ್ಲಿ ಫೋನಿನ ಕಾರ್ಡಿಗೂ ಬಣ್ಣ ಬಂತು. ಮಹಡಿಯಿಂದ ಹದಿನಾಲ್ಕು ಮೆಟ್ಟಿಲು ಇಳಿದು ಗೋಡೆ ನೋಡಿದ್ದರೆ ಥರ್ಮೋಸ್ಟಾಟ್ ಪರದೆ ಕಪ್ಪಾಗಿರುವುದು ಒಂಬತ್ತಕ್ಕೇ ಕಾಣುತ್ತಿತ್ತು.

ಈ ಬರಹ ಅಮೆರಿಕ, ಕೆನಡಾದ ಮನೆಗಳಲ್ಲಿರುವ 24 ವೋಲ್ಟಿನ ಥರ್ಮೋಸ್ಟಾಟುಗಳ ಬಗ್ಗೆ. ಬೆಂಗಳೂರಿನ ಸ್ಪ್ಲಿಟ್ ಎಸಿಗೆ ಇನ್‌ಫ್ರಾರೆಡ್ ರಿಮೋಟ್ ಡಬ್ಬಿ ಜೋಡಿಸಿಕೊಂಡವರ ಕಷ್ಟ ಬೇರೆ. ಅಲ್ಲಿ ಆಜ್ಞೆ ಹೋಗುತ್ತದೆಯೇ ಹೊರತು ಎಸಿಯಿಂದ ಉತ್ತರ ವಾಪಸ್ ಬರುವುದಿಲ್ಲ, ಹಾಗಾಗಿ ಆ್ಯಪ್ ಹೇಳಿದ್ದಕ್ಕೂ ಎಸಿ ಮಾಡುತ್ತಿರುವುದಕ್ಕೂ ತಾಳೆಯಾಗದಿದ್ದರೆ ಅಚ್ಚರಿಯಿಲ್ಲ.

ಮೊದಲು ಗೋಡೆ, ಆಮೇಲೆ ಫೋನು

ಯಾವ ಲಕ್ಷಣವೇ ಇರಲಿ, ಥರ್ಮೋಸ್ಟಾಟ್ ಎದುರು ಹೋಗಿ ನಿಲ್ಲಿ. ಕೈಯಿಂದಲೇ ತಾಪಮಾನವನ್ನು ಕೋಣೆಯಲ್ಲಿ ಈಗಿರುವುದಕ್ಕಿಂತ 3-4 ಡಿಗ್ರಿ ಮೇಲಕ್ಕೆ ಏರಿಸಿ, ಬೇಸಿಗೆಯಾದರೆ ಕೆಳಕ್ಕೆ ಇಳಿಸಿ. ಐದು ನಿಮಿಷ ಕಾಯಿರಿ. ಕಂಪ್ರೆಸರ್ ನಿಂತ ಕೂಡಲೇ ಮತ್ತೆ ಶುರುವಾಗದಂತೆ ಹೆಚ್ಚಿನ ಥರ್ಮೋಸ್ಟಾಟುಗಳು ಅಷ್ಟು ಹೊತ್ತು ತಡೆದೇ ತಡೆಯುತ್ತವೆ, ಅದು ದೋಷವಲ್ಲ.

ಯಂತ್ರ ಶುರುವಾಯಿತೇ? ಹಾಗಿದ್ದರೆ ವೈರು, ಫ್ಯೂಸು, ಫರ್ನೆಸ್ ಎಲ್ಲ ಸರಿಯಿವೆ, ಸ್ಕ್ರೂಡ್ರೈವರ್ ಮುಟ್ಟಬೇಡಿ. ಶುರುವಾಗಲಿಲ್ಲವೇ? ಹಾಗಿದ್ದರೆ ಹೋಮ್ ಅಸಿಸ್ಟೆಂಟ್ ಮುಟ್ಟಬೇಡಿ. ಈ ಒಂದು ಪರೀಕ್ಷೆಯಿಂದ ಅರ್ಧ ಕೆಲಸ ಮುಗಿಯುತ್ತದೆ.

ಗೋಡೆಯಲ್ಲಿ ಸರಿಯಿದ್ದರೆ ಇನ್ನೊಂದು ಪರೀಕ್ಷೆ ಮಾಡಿ. ಫೋನಿನ ವೈ-ಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಥರ್ಮೋಸ್ಟಾಟ್ ಕಂಪನಿಯ ಸ್ವಂತ ಆ್ಯಪ್ ತೆರೆಯಿರಿ. ಅಲ್ಲಿ ಕೆಲಸ ಮಾಡಿದರೆ ಥರ್ಮೋಸ್ಟಾಟಿನ ವೈ-ಫೈ, ಇಂಟರ್ನೆಟ್ಟು ಎರಡೂ ಚೆನ್ನಾಗಿವೆ, ಹೋಮ್ ಅಸಿಸ್ಟೆಂಟ್ ಜೊತೆಗಿನ ಕೊಂಡಿ ಮಾತ್ರ ಕಳಚಿದೆ ಎಂದರ್ಥ.

ಕೈ ಹಾಕುವ ಮುನ್ನ

ಗ್ಯಾಸ್‌ನ ಕೊಳೆತ ಮೊಟ್ಟೆಯಂಥ ವಾಸನೆ ಬಂದರೆ ಯಾವ ಸ್ವಿಚ್ಚೂ ಮುಟ್ಟದೆ ಎಲ್ಲರೂ ಹೊರಗೆ ಬನ್ನಿ, ಹೊರಗಿನಿಂದ 911ಕ್ಕೆ ಕರೆ ಮಾಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಗಿದರೂ ಅದೇ. ಆ ವಿಷಾನಿಲಕ್ಕೆ ವಾಸನೆಯಿಲ್ಲ, ‘ಏನೂ ವಾಸನೆ ಬರ್ತಿಲ್ಲವಲ್ಲ’ ಎಂದು ಒಳಗೇ ನಿಲ್ಲಬೇಡಿ.

ಥರ್ಮೋಸ್ಟಾಟನ್ನು ಗೋಡೆಯಿಂದ ಬಿಚ್ಚಿದಾಗ ಸಪೂರ, ಬಣ್ಣಬಣ್ಣದ ವೈರುಗಳ ಬದಲು ದಪ್ಪ ಕಪ್ಪು, ಕೆಂಪು ವೈರುಗಳು ಟೋಪಿಯಂಥ ಕ್ಯಾಪು ಹಾಕಿಕೊಂಡು ಕಂಡರೆ ಅಲ್ಲಿಗೇ ನಿಲ್ಲಿಸಿ. ಅದು ಗೋಡೆಯ ಬುಡದಲ್ಲಿ ಕೂರಿಸುವ ಬೇಸ್‌ಬೋರ್ಡ್ ಹೀಟರಿನ 120 ಅಥವಾ 240 ವೋಲ್ಟ್ ಲೈನು, 24 ವೋಲ್ಟಿನ ಸ್ಮಾರ್ಟ್ ಥರ್ಮೋಸ್ಟಾಟ್ ಅದಕ್ಕೆ ಆಗುವುದೇ ಇಲ್ಲ. 24 ವೋಲ್ಟಿನದಾದರೂ ವೈರು ಮುಟ್ಟುವ ಮೊದಲು ಫರ್ನೆಸ್ ಬ್ರೇಕರ್ ಆರಿಸಿ. ಶಾಕ್ ಹೊಡೆಯುವುದಕ್ಕಿಂತ ದೊಡ್ಡ ಭಯ ಆರ್ (ಕರೆಂಟು ತರುವ) ಮತ್ತು ಸಿ (ಕರೆಂಟು ಹಿಂತಿರುಗುವ) ವೈರುಗಳು ಒಂದಕ್ಕೊಂದು ತಾಗುವುದು. ಕ್ಷಣಮಾತ್ರ ತಾಗಿದರೂ ಫ್ಯೂಸು ಹೋಗುತ್ತದೆ, ಫ್ಯೂಸು ಇಲ್ಲದ ಹಳೆಯ ಯಂತ್ರವಾದರೆ ಟ್ರಾನ್ಸ್‌ಫಾರ್ಮರೇ ಸುಡುತ್ತದೆ.

ಗೋಡೆಯಲ್ಲಿ ಎಲ್ಲ ಸರಿ, ಹೋಮ್ ಅಸಿಸ್ಟೆಂಟ್‌ನಲ್ಲಿ ಮಾತ್ರ ‘ಅನ್‌ಅವೈಲಬಲ್’

ಇದು ಯಾವಾಗ ಶುರುವಾಯಿತು ಎಂದು ನೆನಪು ಮಾಡಿಕೊಳ್ಳಿ. ಹೊಸ ರೂಟರ್ ಬಂದಿತೇ, ವೈ-ಫೈ ಪಾಸ್‌ವರ್ಡ್ ಬದಲಾಯಿತೇ? ಎಷ್ಟೋ ಥರ್ಮೋಸ್ಟಾಟುಗಳಿಗೆ 2.4 ಗಿಗಾಹರ್ಟ್ಸ್ ವೈ-ಫೈ ಮಾತ್ರ ಕಾಣುವುದು. ಹೊಸ ರೂಟರು 2.4 ಮತ್ತು 5 ಎರಡನ್ನೂ ಒಂದೇ ಹೆಸರಿನಲ್ಲಿ ಬೆರೆಸಿದ್ದರೆ ಕೆಲವಕ್ಕೆ ಗೊಂದಲವಾಗುತ್ತದೆ. ಥರ್ಮೋಸ್ಟಾಟನ್ನು ಸೇರಿಸುವಷ್ಟು ಹೊತ್ತು 5 ಗಿಗಾಹರ್ಟ್ಸನ್ನು ಆರಿಸಿಟ್ಟು ನೋಡಿ.

ಥರ್ಮೋಸ್ಟಾಟ್ ಗೆಸ್ಟ್ ನೆಟ್‌ವರ್ಕ್‌ನಲ್ಲಿದೆಯೇ ನೋಡಿ. ಅಲ್ಲಿರುವ ಉಪಕರಣಗಳು ಇಂಟರ್ನೆಟ್ಟಿಗೆ ಹೋಗಬಹುದು, ಮನೆಯೊಳಗಿನ ಬೇರೆ ಉಪಕರಣಗಳ ಜೊತೆ ಮಾತಾಡುವಂತಿಲ್ಲ. ಕಂಪನಿಯ ಆ್ಯಪ್ ಓಡುತ್ತದೆ, ಆಪಲ್‌ನ ಹೋಮ್‌ಕಿಟ್ ಅಥವಾ ಮ್ಯಾಟರ್ ಎಂಬ, ಮನೆಯೊಳಗೇ ಉಪಕರಣ ಜೋಡಿಸುವ ವ್ಯವಸ್ಥೆಗಳ ಮೂಲಕ ನೇರವಾಗಿ ಜೋಡಿಸಿದ ಹೋಮ್ ಅಸಿಸ್ಟೆಂಟ್ ಓಡುವುದಿಲ್ಲ. ‘ಸುರಕ್ಷತೆಗೆ’ ಎಂದು ಸ್ಮಾರ್ಟ್ ಉಪಕರಣಗಳನ್ನೆಲ್ಲ ಬೇರೆ ವಿಎಲ್ಯಾನ್‌ಗೆ (ಅದೇ ರೂಟರಿನಲ್ಲಿ ಪ್ರತ್ಯೇಕಿಸಿದ ಜಾಲಕ್ಕೆ) ಹಾಕಿದವರಿಗೂ ಇದೇ ಪಾಡು. ಉಪಕರಣಗಳು ‘ನಾನಿಲ್ಲಿದ್ದೇನೆ’ ಎಂದು ಕೂಗುವ ಎಂಡಿಎನ್ಎಸ್ ಸಂದೇಶಗಳು ತಾವಾಗೇ ಒಂದು ಜಾಲದಿಂದ ಇನ್ನೊಂದಕ್ಕೆ ದಾಟುವುದಿಲ್ಲ, ರೂಟರಿನಲ್ಲಿ ಎಂಡಿಎನ್ಎಸ್ ರಿಪೀಟರ್ ಆನ್ ಮಾಡಬೇಕು. ಡಾಕರ್‌ನಲ್ಲಿ ಹೋಮ್ ಅಸಿಸ್ಟೆಂಟ್ ಓಡಿಸುವವರು ಕಂಟೇನರು ಹೋಸ್ಟ್ ನೆಟ್‌ವರ್ಕ್‌ನಲ್ಲಿದೆಯೇ ನೋಡಿ. ಮ್ಯಾಟರ್ ಆದರೆ ರೂಟರಿನಲ್ಲಿ ಐಪಿವಿ6 ಆರಿಸಿಲ್ಲ ತಾನೇ ಎಂದೂ ನೋಡಿಕೊಳ್ಳಿ.

ಹೋಮ್‌ಕಿಟ್ ದಾರಿಯಲ್ಲಿ ಒಂದು ಕಿರಿಕ್ಕಿದೆ. ಒಂದು ಥರ್ಮೋಸ್ಟಾಟ್ ಹೀಗೆ ಒಬ್ಬರ ಜೊತೆ ಮಾತ್ರ ಜೋಡಿಯಾಗುತ್ತದೆ. ಮನೆಯಲ್ಲಿ ಯಾರಾದರೂ ಐಫೋನಿನ ಹೋಮ್ ಆ್ಯಪಿಗೆ ಅದನ್ನು ಸೇರಿಸಿದ್ದರೆ ಹೋಮ್ ಅಸಿಸ್ಟೆಂಟ್‌ಗೆ ಅದು ಸಿಗುವುದೇ ಇಲ್ಲ. ಅಲ್ಲಿಂದ ತೆಗೆದ ಮೇಲೆ ಎಂಟಂಕಿಯ ಕೋಡು ಕೇಳುತ್ತದೆ.

ಕ್ಲೌಡ್ ಮೂಲಕ, ಅಂದರೆ ಕಂಪನಿಯ ಸರ್ವರ್ ಮೂಲಕ, ಜೋಡಿಸಿದವರ ಕಥೆ ಬೇರೆ. ಗೂಗಲ್‌ನ ನೆಸ್ಟ್ ಥರ್ಮೋಸ್ಟಾಟ್ ಇಟ್ಟುಕೊಂಡ ಗೆಳೆಯನೊಬ್ಬ ‘ಸರಿಯಾಗಿ ಪ್ರತಿ ವಾರ ಹೋಗುತ್ತೆ ಕಣೋ, ಪಂಚಾಂಗ ನೋಡಿ ಹೋಗೋ ಹಂಗೆ’ ಎಂದು ಗೋಳಾಡುತ್ತಿದ್ದ. ಏಳು ದಿನಕ್ಕೊಮ್ಮೆ ಮತ್ತೆ ಲಾಗಿನ್ ಕೇಳಿದರೆ ಕಾರಣ ಒಂದೇ: ನೆಸ್ಟನ್ನು ಹೋಮ್ ಅಸಿಸ್ಟೆಂಟ್‌ಗೆ ಜೋಡಿಸಲು ಗೂಗಲ್ ಕ್ಲೌಡ್ ಕನ್ಸೋಲ್‌ನಲ್ಲಿ ನೀವು ಮಾಡಿದ ಪ್ರಾಜೆಕ್ಟು ಇನ್ನೂ ‘ಟೆಸ್ಟಿಂಗ್’ ಸ್ಥಿತಿಯಲ್ಲಿದೆ. ಆ ಸ್ಥಿತಿಯಲ್ಲಿ ಕೊಡುವ ಲಾಗಿನ್ ಟೋಕನ್ನಿನ ಆಯುಷ್ಯ ಏಳೇ ದಿನ. ಅದನ್ನು ‘ಪ್ರೊಡಕ್ಷನ್’ಗೆ ಬದಲಿಸಿ ಇನ್ನೊಮ್ಮೆ ಲಾಗಿನ್ ಆದರೆ ಮುಗಿಯಿತು.

ನೀವೇನೂ ಮುಟ್ಟದೆಯೂ ಕೊಂಡಿ ಹರಿಯಬಹುದು. 2011 ಮತ್ತು 2012ರ ಮೊದಲೆರಡು ತಲೆಮಾರಿನ ನೆಸ್ಟ್ ಲರ್ನಿಂಗ್ ಥರ್ಮೋಸ್ಟಾಟುಗಳನ್ನು ಗೂಗಲ್ 2025ರ ಅಕ್ಟೋಬರ್ 25ರಿಂದ ತನ್ನ ಆ್ಯಪ್‌ಗಳಿಂದ ಕೈಬಿಟ್ಟಿತು. ಗೋಡೆಯಲ್ಲಿ ಅವು ಈಗಲೂ ಓಡುತ್ತವೆ, ಫೋನಿಗೆ ಸಿಗುವುದಿಲ್ಲ. ಇಕೋಬಿ ಎಂಬ ಥರ್ಮೋಸ್ಟಾಟ್ ಕಂಪನಿ, ತನ್ನ ಕ್ಲೌಡ್‌ಗೆ ಹೋಮ್ ಅಸಿಸ್ಟೆಂಟ್ ಜೋಡಿಸಲು ಬೇಕಿದ್ದ ಡೆವಲಪರ್ ಕೀಯನ್ನು 2024ರಲ್ಲಿ ಹೊಸಬರಿಗೆ ಕೊಡುವುದನ್ನು ನಿಲ್ಲಿಸಿತು, ಆಮೇಲೆ ಬಂದ ಎಷ್ಟೋ ಜನ ಹೋಮ್‌ಕಿಟ್ ದಾರಿ ಹಿಡಿದರು. ನನ್ನ ಮಟ್ಟಿಗೆ, ಹೊಸದು ಕೊಳ್ಳುವುದಾದರೆ ಮನೆಯೊಳಗೇ ನೇರ ಮಾತಾಡುವ ಥರ್ಮೋಸ್ಟಾಟನ್ನೇ ಕೊಳ್ಳುತ್ತೇನೆ. ಚಳಿಗಾಲದಲ್ಲಿ ಇನ್ನೊಬ್ಬರ ಸರ್ವರ್ ನಂಬಿ ಕೂರುವಷ್ಟು ಧೈರ್ಯ ನನಗಿಲ್ಲ.

ಆಗಾಗ ಮಾಯವಾಗುತ್ತದೆ, ಆಗಾಗ ಬರುತ್ತದೆ

ಇದನ್ನು ವೈ-ಫೈ ದೋಷ ಅಂದುಕೊಂಡು ದುಬಾರಿ ಮೆಶ್ ರೂಟರ್ ಕೊಂಡವರನ್ನು ನೋಡಿದ್ದೇನೆ. ಮೊದಲು ಹೋಮ್ ಅಸಿಸ್ಟೆಂಟ್‌ನ ಹಿಸ್ಟರಿ ತೆರೆದು ಥರ್ಮೋಸ್ಟಾಟ್ ಮಾಯವಾದ ಹೊತ್ತುಗಳನ್ನು ನೋಡಿ. ಮನೆಯವರೆಲ್ಲ ವಿಡಿಯೊ ನೋಡುವ ಹೊತ್ತೋ, ಹೀಟು-ಕೂಲು ಓಡುವ ಹೊತ್ತೋ? ಎರಡನೆಯದಾದರೆ, ಅಥವಾ ಪರದೆ ಮಂಕಾಗುತ್ತಿದ್ದರೆ, ಬ್ಯಾಟರಿ ಕಡಿಮೆ ಎಂದು ತೋರಿಸುತ್ತಿದ್ದರೆ, ಫರ್ನೆಸ್ ಹತ್ತಿರ ರಿಲೇ ‘ಟಕಟಕ’ ಅಂತ ಸಣ್ಣಗೆ ಬಡಿದುಕೊಳ್ಳುತ್ತಿದ್ದರೆ, ಕೊರತೆಯಿರುವುದು ಕರೆಂಟಿಗೆ.

ಆರ್ ವೈರು ಟ್ರಾನ್ಸ್‌ಫಾರ್ಮರಿನಿಂದ 24 ವೋಲ್ಟ್ ತರುತ್ತದೆ. ಡಬ್ಲ್ಯೂ ಬಿಸಿಗೆ, ವೈ ತಂಪಿಗೆ, ಜಿ ಫ್ಯಾನಿಗೆ. ಹಳೆಯ ಥರ್ಮೋಸ್ಟಾಟ್ ಬರೀ ಸ್ವಿಚ್, ಅದಕ್ಕೆ ತಾನು ಬದುಕಲು ಕರೆಂಟು ಬೇಕಿರಲಿಲ್ಲ. ವೈ-ಫೈ, ಬಣ್ಣದ ಪರದೆ ಇರುವ ಹೊಸತಕ್ಕೆ ಸದಾ ಕರೆಂಟು ಬೇಕು, ಅದು ಹಿಂತಿರುಗಲು ಸಿ ಎಂಬ ಕಾಮನ್ ವೈರು ಬೇಕು. ಸಿ ಇಲ್ಲದಿದ್ದರೆ ಕೆಲವು ಥರ್ಮೋಸ್ಟಾಟುಗಳು ವೈ ಅಥವಾ ಡಬ್ಲ್ಯೂ ಸರ್ಕ್ಯೂಟಿನಿಂದ ಒಂದಿಷ್ಟು ಕರೆಂಟು ಕದ್ದು ಒಳಗಿನ ಬ್ಯಾಟರಿ ತುಂಬಿಕೊಳ್ಳುತ್ತವೆ. ಅದು ಸಾಲದಾದಾಗ ಉಳಿತಾಯಕ್ಕೆಂದು ವೈ-ಫೈಯನ್ನು ಆರಿಸುತ್ತವೆ. ನಿಮ್ಮ ಫೋನಿಗೆ ಕಾಣುವುದು ಅಷ್ಟೇ: ‘ಅನ್‌ಅವೈಲಬಲ್’.

ಬ್ರೇಕರ್ ಆರಿಸಿ ಥರ್ಮೋಸ್ಟಾಟ್ ಮುಖವನ್ನು ಕಿತ್ತು, ವೈರುಗಳ ಫೋಟೊ ತೆಗೆದುಕೊಳ್ಳಿ. ಸಿ ಎಂಬ ಜಾಗ ಖಾಲಿಯಿದ್ದರೆ ಗೋಡೆಯ ತೂತಿನೊಳಗೆ ಬೆರಳು ಹಾಕಿ ನೋಡಿ. ನಮ್ಮಲ್ಲಿ ಹಾಗೇ ಸಿಕ್ಕಿತು: ಹೊರಕವಚಕ್ಕೆ ಮೂರು ಸುತ್ತು ಸುತ್ತಿಕೊಂಡು, ತುದಿ ಸುಲಿಯದೆ ಮಲಗಿದ್ದ ನೀಲಿ ವೈರು. ಮನೆ ಕಟ್ಟಿದವರು ಎಳೆದಿದ್ದರು, ಯಾರೂ ಜೋಡಿಸಿರಲಿಲ್ಲ. ಆದರೆ ಬಣ್ಣ ನಂಬಬೇಡಿ. ಫರ್ನೆಸ್ ಕಡೆಯಲ್ಲೂ ಅದೇ ವೈರು ಸಿ ಸ್ಕ್ರೂಗೆ ಕೂತಿದ್ದರೆ ಮಾತ್ರ ಅದು ಸಿ. ನಮ್ಮದು ಅಲ್ಲೂ ಹಾಗೇ ಸುತ್ತಿಕೊಂಡು ಮಲಗಿತ್ತು. ಎರಡೂ ತುದಿ ಜೋಡಿಸಿದ ದಿನದಿಂದ ಮಾಯವಾಗುವ ಆಟ ನಿಂತಿತು, ಖರ್ಚು ಸೊನ್ನೆ.

ಬಿಡಿ ವೈರೇ ಇಲ್ಲದಿದ್ದರೆ ಫರ್ನೆಸ್ ಬೋರ್ಡಿನ ಬಳಿ ಹಾಕುವ ಪವರ್ ಎಕ್ಸ್‌ಟೆಂಡರ್ ಕಿಟ್ ಸಿಗುತ್ತದೆ, ಇಲ್ಲವೇ ಪಕ್ಕದ ಪ್ಲಗ್ಗಿಗೆ ಹಾಕುವ 24 ವೋಲ್ಟಿನ ಟ್ರಾನ್ಸ್‌ಫಾರ್ಮರು. ಎರಡೂ ನಿಮ್ಮ ಥರ್ಮೋಸ್ಟಾಟಿಗೆ ಒಪ್ಪುತ್ತವೆಯೇ ಎಂದು ಅದರ ಕೈಪಿಡಿಯಲ್ಲಿ ನೋಡಿ ಕೊಳ್ಳಿ.

ವೈ-ಫೈ ಬದಲು ಜೀ-ವೇವ್, ಜಿಗ್‌ಬೀ ಎಂಬ ರೇಡಿಯೊ ಬಳಸುವ ಥರ್ಮೋಸ್ಟಾಟ್ ಆಗಾಗ ಮಾಯವಾದರೆ ಮೊದಲು ಕಂಪ್ಯೂಟರಿಗೆ ಚುಚ್ಚಿದ ರೇಡಿಯೊ ಡಾಂಗಲನ್ನು ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ಲಿಗೆ ಹಾಕಿ ದೂರವಿಡಿ. ಯುಎಸ್‌ಬಿ 3 ಪೋರ್ಟಿನ ಗದ್ದಲ ಜಿಗ್‌ಬೀ ಬಳಸುವ 2.4 ಗಿಗಾಹರ್ಟ್ಸನ್ನು ಕೆಡಿಸುತ್ತದೆ.

ಪರದೆಯೇ ಕಪ್ಪು

ಮೊದಲು ಫರ್ನೆಸ್ ಬಾಗಿಲು, ಆಮೇಲೆ ಬ್ರೇಕರ್, ಆಮೇಲೆ ಫರ್ನೆಸ್ ಪಕ್ಕದ ಗೋಡೆಯಲ್ಲಿ ಲೈಟಿನ ಸ್ವಿಚ್ಚಿನಂತೇ ಇರುವ ಸ್ವಿಚ್. ಈ ಕೊನೆಯದನ್ನು ಲೈಟು ಅಂದುಕೊಂಡು ಆರಿಸುವವರು ಬಹಳ. ಫರ್ನೆಸ್ ಬಾಗಿಲಲ್ಲಿ ಚಿಕ್ಕ ಗಾಜಿನ ಕಿಂಡಿಯಿದ್ದರೆ ಇಣುಕಿ ನೋಡಿ. ಒಳಗಿನ ಬೋರ್ಡಿನ ದೀಪ ಉರಿಯುತ್ತಿದ್ದೂ ಥರ್ಮೋಸ್ಟಾಟ್ ಕಪ್ಪಾಗಿದ್ದರೆ ಅನುಮಾನ ಬೋರ್ಡಿನ ಫ್ಯೂಸಿನ ಮೇಲೆ. ಕಾರಿನಲ್ಲಿರುವಂಥದೇ ಚಪ್ಪಟೆ ಫ್ಯೂಸು ಅದು: ನೇರಳೆಯಾದರೆ 3 ಆಂಪ್, ತಿಳಿಕಂದಾದರೆ 5. ಅಷ್ಟೇ ಆಂಪಿನದನ್ನೇ ಹಾಕಿ. ಹೊಸದೂ ಹೋದರೆ ದೊಡ್ಡ ಫ್ಯೂಸು ಹಾಕಿ ಗೆಲ್ಲಲು ಹೋಗಬೇಡಿ, ಎಲ್ಲೋ ವೈರು ಶಾರ್ಟ್ ಆಗಿದೆ. ಕಂಡೆನ್ಸರಿಗೆ, ಅಂದರೆ ಎಸಿಯ ಹೊರಗಿನ ಯಂತ್ರಕ್ಕೆ, ಹೋಗುವ ವೈರನ್ನು ಹುಲ್ಲು ಕತ್ತರಿಸುವ ಯಂತ್ರವೋ ಇಲಿಯೋ ಕಚ್ಚಿರಬಹುದು.

ಬೇಸಿಗೆಯಲ್ಲಿ ಪರದೆ ಕಪ್ಪಾದರೆ ಎಸಿಯ ಒಳಗಿನ ಕಾಯಿಲಿನ ಕೆಳಗಿನ ತಟ್ಟೆಯಲ್ಲಿ ನೀರು ನಿಂತಿದೆಯೇ ನೋಡಿ. ನೀರು ಹೋಗುವ ಪೈಪು ಪಾಚಿ ಕಟ್ಟಿದರೆ ಫ್ಲೋಟ್ ಸ್ವಿಚ್ ಮೇಲೇರಿ ಕರೆಂಟು ಕಡಿಯುತ್ತದೆ. ಅದನ್ನು ಆರ್ ವೈರಿಗೆ ಹಾಕಿದ್ದರೆ ಥರ್ಮೋಸ್ಟಾಟೇ ಸಾಯುತ್ತದೆ, ವೈ ವೈರಿಗೆ ಹಾಕಿದ್ದರೆ ತಂಪು ಮಾತ್ರ ನಿಲ್ಲುತ್ತದೆ. ಪೈಪಿನ ಹೊರತುದಿಗೆ ನೀರೆಳೆಯುವ ವ್ಯಾಕ್ಯೂಮ್ ಹಿಡಿದರೆ ಸಾಮಾನ್ಯವಾಗಿ ಬಿಡುತ್ತದೆ.

ಮಲ್ಟಿಮೀಟರ್ ಇದ್ದರೆ ಎಸಿ (ಆಲ್ಟರ್ನೇಟಿಂಗ್ ಕರೆಂಟ್) ವೋಲ್ಟಿಗೆ ತಿರುಗಿಸಿ, ಥರ್ಮೋಸ್ಟಾಟ್ ಮುಖ ಕಿತ್ತ ಮೇಲೆ ಗೋಡೆಯಲ್ಲಿ ಉಳಿಯುವ ತಟ್ಟೆಯಲ್ಲೇ ಆರ್ ಮತ್ತು ಸಿ ನಡುವೆ ಅಳೆಯಿರಿ. ಇದಕ್ಕೆ ಮಾತ್ರ ಬ್ರೇಕರ್ ಹೊತ್ತಿರಬೇಕು, ಕಡ್ಡಿಗಳು ಒಂದಕ್ಕೊಂದು ತಾಗಬಾರದು. 24ರಿಂದ 28ರೊಳಗೆ ಬಂದರೆ ಕರೆಂಟು ಸರಿಯಿದೆ, ಥರ್ಮೋಸ್ಟಾಟೇ ಕೆಟ್ಟಿದೆ. ಸೊನ್ನೆ ಬಂದರೆ ದೋಷ ಫರ್ನೆಸ್ ಕಡೆ. ಅಳೆಯುವ ನೆಪದಲ್ಲಿ ಬಾಗಿಲ ಸ್ವಿಚ್ಚಿಗೆ ಟೇಪು ಸುತ್ತಿ ತೆರೆದಿಟ್ಟುಕೊಂಡು ಓಡಿಸಬೇಡಿ, ಒಳಗೆ 120 ವೋಲ್ಟಿದೆ, ತಿರುಗುವ ಬ್ಲೋವರಿದೆ.

ಏರಿಸಿದ ತಾಪಮಾನ ತಾನಾಗೇ ಇಳಿಯುತ್ತದೆ

ಹೋದ ನವೆಂಬರಿನಲ್ಲಿ ಅಪ್ಪ ಅಮ್ಮ ಹಾಸನದಿಂದ ಬಂದಿದ್ದರು. ನಾವಿಬ್ಬರೂ ಆಫೀಸಿಗೆ ಹೋದ ಮೂರನೇ ದಿನ ಅಮ್ಮನ ಫೋನು: ‘ಆ ಗೋಡೇಲಿರೋದು ಎಪ್ಪತ್ತೆರಡಕ್ಕೆ ಒತ್ತಿ ಬಂದು ಕೂರ್ತೀನಿ ಕಣೋ, ಕಾಫಿ ಕುಡಿಯೋದ್ರೊಳಗೆ ಅರವತ್ತೆರಡಕ್ಕೆ ಇಳಿದಿರತ್ತೆ. ನಿಮ್ಮಪ್ಪ ಮಫ್ಲರ್ ಸುತ್ಕೊಂಡು ಪೇಪರ್ ಓದ್ತಿದಾರೆ.’

ಕಳ್ಳ ನಾನೇ. ‘ಯಾರೂ ಮನೆಯಲ್ಲಿಲ್ಲದಿದ್ದರೆ 62ಕ್ಕೆ ಇಳಿಸು, ಅರ್ಧ ಗಂಟೆಗೊಮ್ಮೆ ಪರೀಕ್ಷಿಸು’ ಎಂದು ಆಟೊಮೇಷನ್ ಬರೆದಿದ್ದೆ. ಅದರ ಲೆಕ್ಕದಲ್ಲಿ ‘ಯಾರೂ’ ಅಂದರೆ ನಮ್ಮಿಬ್ಬರ ಫೋನುಗಳು. ಅಪ್ಪ ಅಮ್ಮ ಅದರ ಲೆಕ್ಕಕ್ಕೇ ಇರಲಿಲ್ಲ. ಈಗ ‘ಊರಿಂದ ಬಂದಿದ್ದಾರೆ’ ಎಂಬ ಟಾಗಲ್ ಇದೆ, ಅದು ಆನ್ ಇದ್ದಷ್ಟು ದಿನ ಆ ಆಟೊಮೇಷನ್ ಬಾಯಿ ಮುಚ್ಚಿಕೊಂಡಿರುತ್ತದೆ.

ತಾಪಮಾನ ತಾನಾಗೇ ಬದಲಾದರೆ ಅದನ್ನು ಬದಲಿಸುವ ಹಕ್ಕು ಎಷ್ಟು ಜನಕ್ಕಿದೆ ಎಂದು ಎಣಿಸಿ. ಥರ್ಮೋಸ್ಟಾಟಿನ ಸ್ವಂತ ವೇಳಾಪಟ್ಟಿ ಒಂದು, ಕಂಪನಿಯ ‘ಇಕೋ’ ಅಥವಾ ‘ಅವೇ’ ಎರಡು, ಕರೆಂಟು ಕಂಪನಿಯ ಉಳಿತಾಯ ಯೋಜನೆಗೆ ಸೇರಿದ್ದರೆ ಅದು ಮೂರು, ಹೋಮ್ ಅಸಿಸ್ಟೆಂಟ್ ನಾಲ್ಕು, ಜೊತೆಗೆ ಧ್ವನಿ ಸಹಾಯಕದ ರೊಟೀನ್. ಲಾಗ್‌ಬುಕ್ ತೆರೆದು ಆ ನಿಮಿಷದಲ್ಲಿ ಏನಾಯಿತು ನೋಡಿ. ಆಟೊಮೇಷನ್ ಹೆಸರು ಕಂಡರೆ ಅದರ ಟ್ರೇಸ್ ತೆರೆಯಿರಿ, ಮೊದಲೇ ಬದಲಿಸಿಕೊಳ್ಳದಿದ್ದರೆ ಕೊನೆಯ ಐದು ಓಟಗಳು ಅಲ್ಲಿ ಉಳಿದಿರುತ್ತವೆ. ಹೆಸರೇ ಇಲ್ಲದೆ ಬರೀ ಸಂಖ್ಯೆ ಬದಲಾಗಿದ್ದರೆ ಮಾಡಿದ್ದು ಬಹುಮಟ್ಟಿಗೆ ಥರ್ಮೋಸ್ಟಾಟ್ ಅಥವಾ ಅದರ ಕಂಪನಿ. ಒಬ್ಬರಿಗೇ ವೇಳಾಪಟ್ಟಿ ಬಿಟ್ಟು ಉಳಿದವರದನ್ನು ಆರಿಸಿ. ನಾನು ಥರ್ಮೋಸ್ಟಾಟಿಗೇ ಬಿಟ್ಟಿದ್ದೇನೆ, ಹೋಮ್ ಅಸಿಸ್ಟೆಂಟ್ ಬಿದ್ದ ದಿನವೂ ಮನೆ ಬೆಚ್ಚಗಿರುತ್ತದೆ.

ಹೋಮ್ ಅಸಿಸ್ಟೆಂಟ್ ರೀಸ್ಟಾರ್ಟ್ ಆದಾಗಲೆಲ್ಲ ಹೀಟು ಆರುತ್ತದೆಯೇ? ಕಿಟಕಿ ತೆರೆದರೆ ಹೀಟು ಆರಿಸು ಎಂದು ಬರೆದಿದ್ದರೆ, ಕಿಟಕಿಯ ಸೆನ್ಸರು ‘ಅನ್‌ಅವೈಲಬಲ್’ನಿಂದ ವಾಪಸ್ ಬಂದದ್ದನ್ನೇ ಆಟೊಮೇಷನ್ ‘ಕಿಟಕಿ ತೆರೆಯಿತು’ ಎಂದು ಓದುತ್ತಿರಬಹುದು. ಯಾವ ಸ್ಥಿತಿಯಿಂದ ಯಾವ ಸ್ಥಿತಿಗೆ ಎಂದು ಎರಡನ್ನೂ ಬರೆಯಿರಿ, ಐದು ನಿಮಿಷ ಹಾಗೇ ಇದ್ದರೆ ಮಾತ್ರ ಎಂದೂ ಸೇರಿಸಿ.

ಆಜ್ಞೆ ಹೋಗಿದೆ, ಯಂತ್ರ ಸುಮ್ಮನಿದೆ

ಕಾರ್ಡಿನಲ್ಲಿ ‘ಹೀಟ್’ ಎಂದು ಕಂಡರೆ ಮೋಡ್ ಹಾಗಿದೆ ಎಂದಷ್ಟೇ ಅರ್ಥ. ನಿಜವಾಗಿ ಬಿಸಿ ಮಾಡುತ್ತಿದೆಯೇ ಎಂದು ಹೇಳುವುದು ‘ಹೀಟಿಂಗ್’ ಅಥವಾ ‘ಐಡಲ್’ ಎಂಬ ಬೇರೆ ಮಾಹಿತಿ. ‘ಹೀಟಿಂಗ್’ ಎಂದಿದ್ದೂ ಗಾಳಿ ತಣ್ಣಗೆ ಬಂದರೆ ದೋಷ ಫರ್ನೆಸ್‌ನದು.

ಸಂಖ್ಯೆಯನ್ನೂ ನೋಡಿ. ಯಾರದೋ ಸೆಲ್ಸಿಯಸ್ ಆಟೊಮೇಷನ್ ನಕಲು ಮಾಡಿ 21 ಎಂದು ಕಳಿಸಿದರೆ, ಫ್ಯಾರನ್‌ಹೀಟಿನ ವ್ಯವಸ್ಥೆ ಅದನ್ನು ತಳ್ಳಿಹಾಕಿ ಲಾಗಿನಲ್ಲಿ ದೂರು ಬರೆಯುತ್ತದೆ. ಹೀಟ್-ಕೂಲ್ ಎರಡೂ ಸೇರಿದ ಮೋಡಿನಲ್ಲಿ ಒಂದು ಸಂಖ್ಯೆ ಸಾಲದು, ಕೆಳಮಿತಿ ಮೇಲ್ಮಿತಿ ಎರಡೂ ಬೇಕು.

ಬಿಸಿ ಕೇಳಿದರೆ ತಂಪು ಬರುತ್ತದೆ

ಬಿಸಿ, ತಂಪು ಎರಡನ್ನೂ ಒಂದೇ ಯಂತ್ರ ಮಾಡುವ ಹೀಟ್ ಪಂಪ್ ಇರುವ ಮನೆಯಲ್ಲಿ ಹೊಸ ಥರ್ಮೋಸ್ಟಾಟ್ ಹಾಕಿದ ಮರುದಿನ ಕೇಳುವ ದೂರು ಇದು. ಒಂದು ವಾಲ್ವು ದಿಕ್ಕು ಬದಲಿಸಿ ಬಿಸಿ-ತಂಪು ಮಾಡುತ್ತದೆ. ಹೆಚ್ಚಿನ ಯಂತ್ರಗಳಲ್ಲಿ ತಂಪಿಗೆ ಆ ವಾಲ್ವಿಗೆ ಕರೆಂಟು ಕೊಡಬೇಕು, ಆ ವೈರಿನ ಗುರುತು ಓ. ರೀಮ್, ರೂಡ್ ಕಂಪನಿಗಳ ಯಂತ್ರಗಳಲ್ಲಿ ಬಿಸಿಗೆ ಕೊಡಬೇಕು, ಅದರ ಗುರುತು ಬಿ. ವೈರು ಮುಟ್ಟದೆ ಥರ್ಮೋಸ್ಟಾಟಿನ ಮೆನುವಿನಲ್ಲಿ ಓ/ಬಿ ಸೆಟ್ಟಿಂಗ್ ತಿರುಗಿಸಿದರೆ ಸಾಕು. ಆದರೆ ಕೆಲವು ಹಳೆಯ ಯಂತ್ರಗಳಲ್ಲಿ ಬಿ ಎಂದರೆ ಕಾಮನ್ ವೈರು. ಫರ್ನೆಸ್ ಬಾಗಿಲ ಒಳಗೆ ಅಂಟಿಸಿದ ವೈರಿಂಗ್ ಚಿತ್ರ ನೋಡದೆ ಬಿ ವೈರನ್ನು ಓ/ಬಿಗೆ ಹಾಕಬೇಡಿ.

ತೋರಿಸುವ ತಾಪಮಾನವೇ ತಪ್ಪು

ಬೇರೆ ಕೋಣೆಗಳ ಸೆನ್ಸರುಗಳಿದ್ದರೆ ಕೆಲವು ಥರ್ಮೋಸ್ಟಾಟುಗಳು ಎಲ್ಲದರ ಸರಾಸರಿ ತೋರಿಸುತ್ತವೆ, ತಪ್ಪಲ್ಲ. ಹಾಗಿಲ್ಲದೆಯೂ ನಾಲ್ಕು ಡಿಗ್ರಿ ಕಡಿಮೆ ತೋರಿಸಿದರೆ ಥರ್ಮೋಸ್ಟಾಟ್ ಕಿತ್ತು ಗೋಡೆಯ ತೂತಿಗೆ ಕೈ ಒಡ್ಡಿ. ಚಳಿಗಾಲದಲ್ಲಿ ಅಲ್ಲಿಂದ ತಣ್ಣನೆ ಗಾಳಿ ಬೀಸುವುದು ಚರ್ಮಕ್ಕೇ ಗೊತ್ತಾಗುತ್ತದೆ. ಒಂದುಂಡೆ ಪುಟ್ಟಿ ತುರುಕಿದರೆ ಆಯಿತು.

ಯಾವಾಗ ಕೈಬಿಟ್ಟು ಟೆಕ್ನಿಶಿಯನ್ ಕರೆಯಬೇಕು

ಎರಡನೇ ಫ್ಯೂಸೂ ಹೋದರೆ, ಆರ್-ಸಿ ನಡುವೆ ವೋಲ್ಟೇಜ್ ಇಲ್ಲದಿದ್ದರೆ, ಬ್ರೇಕರ್ ಮತ್ತೆ ಮತ್ತೆ ಬಿದ್ದರೆ, ಸುಟ್ಟ ವಾಸನೆ ಬಂದರೆ, ಬೋರ್ಡಿನ ದೀಪ ದೋಷದ ಸಂಕೇತ ಮಿನುಗುತ್ತಿದ್ದರೆ ಕರೆಯಿರಿ. ಹೊರಗೆ ಹಿಮವಿದ್ದು ಮನೆಯೊಳಗೆ 55 ಡಿಗ್ರಿ ಫ್ಯಾರನ್‌ಹೀಟಿನತ್ತ ಇಳಿಯುತ್ತಿದ್ದರೆ ಪ್ರಯೋಗ ಸಾಕು, ನಲ್ಲಿ ಪೈಪುಗಳು ಹೆಪ್ಪುಗಟ್ಟಿ ಒಡೆದರೆ ಥರ್ಮೋಸ್ಟಾಟಿನ ಖರ್ಚು ಏನೂ ಅನ್ನಿಸುವುದಿಲ್ಲ. ಮನೆಯಲ್ಲಿ ಹಳೆಯ ಸಾದಾ ಥರ್ಮೋಸ್ಟಾಟ್ ಇದ್ದರೆ ಎಸೆಯಬೇಡಿ. ಅದನ್ನು ಹಾಕಿ ಫರ್ನೆಸ್ ಓಡಿದರೆ ಆ ರಾತ್ರಿ ದಾಟುತ್ತದೆ, ದೋಷ ಯಾವ ಕಡೆಯದೆಂದೂ ಗೊತ್ತಾಗುತ್ತದೆ.

ಬಂದವರಿಗೆ ‘ಹೋಮ್ ಅಸಿಸ್ಟೆಂಟ್ ಅನ್‌ಅವೈಲಬಲ್ ಅನ್ನುತ್ತೆ’ ಅನ್ನಬೇಡಿ. ‘ಕೈಯಲ್ಲಿ ಒತ್ತಿದರೂ ಶುರುವಾಗಲ್ಲ, ಆರ್-ಸಿ ಇಷ್ಟು ವೋಲ್ಟ್ ಇದೆ’ ಅನ್ನಿ. ಅವರು ಬರುವ ಮೊದಲೇ ಥರ್ಮೋಸ್ಟಾಟಿಗೆ ಸಂಬಂಧಿಸಿದ ಆಟೊಮೇಷನ್‌ಗಳನ್ನೆಲ್ಲ ಆರಿಸಿಡಿ. ನಮ್ಮಲ್ಲಿಗೆ ಬಂದಿದ್ದವನು ಎಸಿ ಶುರುಮಾಡಿ, ಹೊರಗಿನ ಯಂತ್ರ ನೋಡಲು ಹಿಂಬಾಗಿಲು ತೆರೆದು ಹೋದ. ಐದು ನಿಮಿಷಕ್ಕೆ ಎಸಿ ನಿಂತಿತು. ಒಳಗೆ ಬಂದು ಬಾಗಿಲು ಹಾಕಿದ, ಶುರುವಾಯಿತು. ಮತ್ತೆ ಹೋದ, ನಿಂತಿತು. ಕಂಪ್ರೆಸರೇ ಹೋಗಿರಬೇಕು ಎಂದು ಅವನು ಮುಖ ಗಂಟಿಕ್ಕಿಕೊಂಡು ಮೂರನೇ ಸಲ ಬಾಗಿಲು ತೆರೆಯುವಾಗ ನನಗೆ ಹೊಳೆಯಿತು: ಬಾಗಿಲು ತೆರೆದಿದ್ದರೆ ಎಸಿ ಆರಿಸು ಎಂದು ಬರೆದಿದ್ದವನು ನಾನು.